ಮೆಕ್ಕೆಜೋಳದ ಸೈನಿಕ ಹುಳು: ವಾಟ್ಸ್‌ಆ್ಯಪ್, ಪ್ರಾತ್ಯಕ್ಷಿಕೆ, ಪಾಠಶಾಲೆ – ಯಾವುದು ಯಾವಾಗ?

ಈ ಹುಳುವಿನ ಹತೋಟಿಯನ್ನು ರೈತರಿಗೆ ತಿಳಿಸಲು ಕೃಷಿ ಸಿಬ್ಬಂದಿಗೆ ಈ ಮೂರು ದಾರಿಗಳಿವೆ. ಮೊದಲು ವೇಗ. ಹುಳು ಕಂಡ ದಿನವೇ ಸುದ್ದಿ ಮುಟ್ಟಿಸಲು ವಾಟ್ಸ್‌ಆ್ಯಪ್‌ಗೆ ಸಾಟಿಯಿಲ್ಲ, ಖರ್ಚೂ ಇಲ್ಲ. ತಲೆಯ ಮೇಲಿನ ತಲೆಕೆಳಗಾದ ವೈ ಗುರುತು, ಬಾಲದ ಬಳಿಯ ಚೌಕಾಕಾರದ ನಾಲ್ಕು ಚುಕ್ಕೆ ಕಾಣುವ ಫೋಟೊ ಹಾಕಿ. ಓದು ಬಾರದವರಿಗೆ ಒಂದು ನಿಮಿಷದ ಧ್ವನಿ ಸಂದೇಶ. ಅಪಾಯವಿರುವುದು ಔಷಧದ ಪ್ರಮಾಣದಲ್ಲಿ: ಯಾರೋ ಮತ್ತೆ ಟೈಪಿಸುವಾಗ 0.4 ಗ್ರಾಂ 4 ಗ್ರಾಂ ಆಗುತ್ತದೆ. ಹಾಗಾಗಿ ಅಂಕಿ, ದಿನಾಂಕ ಎರಡನ್ನೂ ಚಿತ್ರದೊಳಗೇ ಬರೆಯಿರಿ.

ಕೈಚಳಕ ಕಲಿಸಬೇಕಾದರೆ ಪ್ರಾತ್ಯಕ್ಷಿಕೆಯೇ ಸರಿ. ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ (ನೀರಿನಲ್ಲಿ ಕರಗುವ ಹರಳಿನ ಕೀಟನಾಶಕ) ಲೀಟರ್ ನೀರಿಗೆ 0.4 ಗ್ರಾಂ, ಅಂದರೆ 15 ಲೀಟರ್ ಸಿಂಪಡಣೆ ಕ್ಯಾನಿಗೆ 6 ಗ್ರಾಂ. ನಳಿಕೆ ಸುಳಿಯತ್ತ ಮುಖಮಾಡಿರಬೇಕು. ಎಲೆಯ ಮೇಲಷ್ಟೇ ಬಿದ್ದ ಔಷಧ ಸುಳಿಯೊಳಗಿನ ಹುಳುವಿಗೆ ತಲುಪದು. ನೀವು ತೋರಿಸಿದರೆ ಸಾಲದು, ಕ್ಯಾನು ರೈತರ ಬೆನ್ನಿಗೇರಲಿ. ಗುಂಪು 25 ದಾಟಿದರೆ ಹಿಂದಿನವರಿಗೆ ಏನೂ ಕಾಣದು.

ಸಿಂಪಡಿಸಬೇಕೇ ಬೇಡವೇ ಎಂದು ರೈತರೇ ನಿರ್ಧರಿಸುವಂತಾಗಬೇಕೆ? ಅದಕ್ಕೆ ಕ್ಷೇತ್ರ ಪಾಠಶಾಲೆ. 1989ರಲ್ಲಿ ಇಂಡೊನೇಷ್ಯಾದ ಭತ್ತದ ಗದ್ದೆಗಳಲ್ಲಿ ಶುರುವಾದ ಕ್ರಮವಿದು: ಅದೇ ರೈತರು ಹಂಗಾಮು ಪೂರ್ತಿ ವಾರಕ್ಕೊಮ್ಮೆ ಸೇರಿ ಗಿಡ ಎಣಿಸುತ್ತಾರೆ, ಪೀಡೆಯನ್ನು ತಿನ್ನುವ ಮಿತ್ರಕೀಟ ಗುರುತಿಸುತ್ತಾರೆ, ಚರ್ಚಿಸುತ್ತಾರೆ. ಸಿಬ್ಬಂದಿಯ ದಿನಗಳೇ ಇದರ ದೊಡ್ಡ ವೆಚ್ಚ. ನಡುವೆ ಎರಡು ವಾರ ತಪ್ಪಿದರೆ ಎಣಿಕೆಯ ಸರಣಿ ಮುರಿದು ಕಲಿಕೆ ಸೊರಗುತ್ತದೆ. ಒಬ್ಬರೇ ಹತ್ತಾರು ಹಳ್ಳಿ ನೋಡುವವರು ಒಂದೇ ಹಳ್ಳಿಯಲ್ಲಿ ಪಾಠಶಾಲೆ ನಡೆಸಿ, ಉಳಿದೆಡೆ ಬಿತ್ತಿದ ಮೂರನೇ ವಾರಕ್ಕೆ ಪ್ರಾತ್ಯಕ್ಷಿಕೆ ಇಟ್ಟುಕೊಳ್ಳುವುದು ಒಳಿತು.