ಉಪ್ಪಿನಕಾಯಿ ಮಳಿಗೆಗೆ ಮಾದಾವರವೋ, ಅರಮನೆ ಮೈದಾನವೋ?

ಮಲೆನಾಡಿನಿಂದ ಬೆಂಗಳೂರಿನ ಮೇಳಕ್ಕೆ ಸಾಮಾನು ಹೊತ್ತು ಹೋಗುವವರಿಗೆ ನಾನು ಹೇಳುವುದು ಮಾದಾವರದ ಬಿಐಇಸಿ ಪ್ರದರ್ಶನ ಕೇಂದ್ರವನ್ನೇ. ಅರಮನೆ ಮೈದಾನದಲ್ಲೂ ಮಳಿಗೆ ಹಾಕಿದ್ದೇವೆ. ವ್ಯಾಪಾರ ಚೆನ್ನಾಗಿಯೇ ಆಯಿತು. ಆದರೂ ನನ್ನ ಮನಸ್ಸು ಮಾದಾವರದ ಕಡೆಗೇ.

ನಮ್ಮದು ಸಾಗರದ ಕಡೆಯ ಮನೆ ಉದ್ಯಮ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಹಲಸಿನ ಹಪ್ಪಳ. ಹಪ್ಪಳ ಬಿಟ್ಟರೆ ಉಳಿದದ್ದೆಲ್ಲ ಭಾರ. ಹಾಗಾಗಿ ಗಾಡಿ ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದೇ ನಮಗೆ ಮುಖ್ಯ.

ಅರಮನೆ ಮೈದಾನದ ಕಷ್ಟ ಅಲ್ಲಿಗೆ ತಲುಪುವುದರಲ್ಲಿದೆ. ಶಿವಮೊಗ್ಗ ಬಿಟ್ಟ ಗಾಡಿ ಅರಸೀಕೆರೆ, ತಿಪಟೂರು, ತುಮಕೂರು ದಾಟಿ ನೆಲಮಂಗಲದವರೆಗೆ ಸಲೀಸಾಗಿ ಬರುತ್ತದೆ. ಗೊರಗುಂಟೆಪಾಳ್ಯದಿಂದ ಮೇಖ್ರಿ ಸರ್ಕಲ್‌ವರೆಗೆ ಮಾತ್ರ ಆಮೆ ನಡಿಗೆ. ರಶ್ ಹೊತ್ತಲ್ಲಿ ಸರಕಿನ ಗಾಡಿಗೆ ನಿರ್ಬಂಧ ಬೇರೆ. ಮೇಳ ಮುಗಿದ ಸಂಜೆ ನಮ್ಮ ಪಿಕಪ್ ರಸ್ತೆಯಲ್ಲೇ ಸಿಕ್ಕಿಹಾಕಿಕೊಂಡಿತು. ಮೈದಾನದ ಒಳಗೆ ನಾವು ರಟ್ಟಿನ ಪೆಟ್ಟಿಗೆಗಳನ್ನು ಕಾಯುತ್ತಾ ಕೂತಿದ್ದೆವು.

ಕೊನೆಗೆ ಗಾಡಿ ನಿಂತಲ್ಲಿಗೇ ಪೆಟ್ಟಿಗೆ ಸಾಗಿಸಬೇಕಾಯಿತು. ನಾವು ಹೋದ ಮೇಳದಲ್ಲಿ ನೆಲಕ್ಕೆ ಹಲಗೆ ಜೋಡಿಸಿ ಮೇಲೆ ಕಾರ್ಪೆಟ್ ಹಾಸಿದ್ದರು. ಟ್ರಾಲಿಯ ಸಣ್ಣ ಗಾಲಿ ಹಲಗೆ ಸಂದಿಗೆ ಇಳಿದರೆ ಮೇಲಿನ ಪೆಟ್ಟಿಗೆ ಜಾರುತ್ತದೆ. ಬಾಟಲಿ ಒಡೆಯದಿದ್ದರೂ ಮುಚ್ಚಳ ಸಡಿಲವಾಗುತ್ತದೆ. ನಮಗೆ ಆದದ್ದೂ ಅದೇ. ಖಾರದ ರಸ ಸೋರಿ ಪೆಟ್ಟಿಗೆಯ ತಳ ನೆನೆಯಿತು, ಲೇಬಲ್‌ಗಳೆಲ್ಲ ಕೆಂಪಾದವು. ಒಳಗಿನ ಮಿಡಿ ಎಷ್ಟು ಚೆನ್ನಾಗಿದ್ದರೂ ಅಂಥ ಬಾಟಲಿಯನ್ನು ಅಂಗಡಿಯವರು ತಗೊಳ್ಳುವುದಿಲ್ಲ.

ಮಾದಾವರ ತುಮಕೂರು ರಸ್ತೆಯ ಪಕ್ಕದಲ್ಲೇ ಇದೆ. ನೆಲಮಂಗಲ ದಾಟಿದರೆ ಬಂತು, ಊರೊಳಗೆ ನುಗ್ಗುವ ಕೆಲಸವೇ ಇಲ್ಲ. ಯಂತ್ರೋಪಕರಣ ತಯಾರಕರ ಸಂಘದವರು ಕಟ್ಟಿಸಿದ ಜಾಗ ಅದು, 2007ರಿಂದ ನಡೆಯುತ್ತಿದೆ. ದೊಡ್ಡ ದೊಡ್ಡ ಯಂತ್ರ ಇಳಿಸುವ ಗಟ್ಟಿ ನೆಲದ ಮೇಲೆ ನಮ್ಮ ಪೆಟ್ಟಿಗೆ ಯಾವ ಲೆಕ್ಕ? ಟ್ರಾಲಿ ಸರಾಗವಾಗಿ ಉರುಳುತ್ತದೆ.

ಅಷ್ಟು ದೂರ ಗಿರಾಕಿ ಬರ್ತಾರಾ ಅಂತ ಮೊದಲು ಎಲ್ಲರೂ ಕೇಳುತ್ತಿದ್ದರು. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ನಾಗಸಂದ್ರದಿಂದ ಮಾದಾವರಕ್ಕೆ ಬಂತು. ಈಗ ಜಯನಗರ, ಬನಶಂಕರಿಯವರು ಎಲ್ಲೂ ಬದಲಿಸದೆ ಒಂದೇ ರೈಲಿನಲ್ಲಿ ಬರಬಹುದು. ಅವರ ಕೈಚೀಲಕ್ಕೆ ಹಿಡಿಯಲಿ ಅಂತ ಕಾಲು ಕೆಜಿ ಡಬ್ಬಿ ಇಟ್ಟೆವು, ಅದೇ ಜಾಸ್ತಿ ಹೋಯಿತು.

ಸಂಜೆ ಸುಮ್ನೆ ನೋಡಿಕೊಂಡು ಹೋಗೋಣ ಅಂತ ಬರುವ ಮನೆಮಂದಿ ಅರಮನೆ ಮೈದಾನದಲ್ಲೇ ಜಾಸ್ತಿ, ಅದು ನಿಜ. ಮಾದಾವರದಲ್ಲಿ ಯಂತ್ರಗಳ ಪ್ರದರ್ಶನಕ್ಕೆ ಬರುವವರು ಉಪ್ಪಿನಕಾಯಿ ಕೊಳ್ಳುವುದಿಲ್ಲ, ಆಹಾರ ಮೇಳವನ್ನೇ ಕಾಯಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳದಲ್ಲಿ ಜನ ಬೀಜ, ಸಸಿ ಹುಡುಕಿಕೊಂಡು ಬರುತ್ತಾರೆ, ಅದರ ಲೆಕ್ಕವೇ ಬೇರೆ.

ನನ್ನ ತಂಗಿ ಮನೆ ದಾಸರಹಳ್ಳಿಯಲ್ಲಿ, ಅದೇ ಮೆಟ್ರೊ ಮಾರ್ಗ. ಲಾಡ್ಜ್ ಖರ್ಚು ಉಳಿಯುತ್ತದೆ. ನಮ್ಮ ಲಾಭಕ್ಕೆ ಅದೂ ದೊಡ್ಡದೇ ಅಲ್ವಾ? ಬಟ್ಟೆ, ಒಡವೆ ಮಾರುವವರು ಅರಮನೆ ಮೈದಾನಕ್ಕೇ ಹೋಗಿ. ಬಾಟಲಿ ಹೊರುವವರು ಮಾದಾವರ ನೋಡಿ. ಎಲ್ಲೇ ಆದರೂ ಮುಂಗಡ ಕೊಡುವ ಮೊದಲು, ಕೊನೆಯ ದಿನ ಗಾಡಿಯನ್ನು ಎಷ್ಟು ಹೊತ್ತಿಗೆ ಒಳಗೆ ಬಿಡುತ್ತಾರೆ ಅಂತ ಕೇಳಿಕೊಳ್ಳಿ.