ಬೀಪ್ ಸಾಲದು, ಮಾತಾಡಬೇಕು: ಮೂರು ಬ್ಯಾಟರಿ ಅಲಾರಂಗಳ ಹೋಲಿಕೆ

ಮಲ್ಪೆ, ಕಾಪು ಕಡೆ ಆರ್‌ಸಿ (ರಿಮೋಟ್‌ನಿಂದ ನಡೆಸುವ ಪುಟ್ಟ) ವಿಮಾನ ಹಾರಿಸುವವರಿಗೆ ಮಧ್ಯಾಹ್ನದ ಮೇಲಿನ ಕಡಲ ಗಾಳಿ ಗೊತ್ತೇ ಇದೆ. ಎದುರುಗಾಳಿಗೆ ಥ್ರಾಟಲ್ (ಮೋಟಾರಿನ ವೇಗ) ಜಾಸ್ತಿ ಬೇಕು, ಬ್ಯಾಟರಿ ಬೇಗ ಇಳಿಯುತ್ತದೆ. ಬರೀ ಟೈಮರ್ ನಂಬಿ ಹಾರಿಸುವ ಜಾಗ ಇದಲ್ಲ. ಅದಕ್ಕೇ ಒಂದೇ ಫೋಮ್ ವಿಮಾನ, ಅದೇ 3ಎಸ್ ಲಿಪೋ (ಮೂರು ಸೆಲ್‌ನ ಲಿಥಿಯಂ ಬ್ಯಾಟರಿ) ಇಟ್ಟುಕೊಂಡು ಮೂರು ಬಗೆಯ ಅಲಾರಂ ಹಾಕಿ ನೋಡಿದೆ. ಹಾರಿಸಿದ್ದು ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲು ಮುಗಿದ ಗದ್ದೆಯಲ್ಲಿ, ಆಚೆ ಬದಿಗೆ ತೆಂಗಿನ ತೋಟ.

ಮೊದಲನೆಯದು ಬ್ಯಾಟರಿಯ ಬ್ಯಾಲೆನ್ಸ್ ಪ್ಲಗ್‌ಗೆ (ಪ್ರತಿ ಸೆಲ್‌ನ ತಂತಿ ಬರುವ ಸಣ್ಣ ಪ್ಲಗ್) ಚುಚ್ಚುವ ಬಜರ್. ಅಗ್ಗ, ಸೆಟ್ಟಿಂಗ್ ತಲೆನೋವಿಲ್ಲ. ಕೈಯಲ್ಲಿ ಹಿಡಿದರೆ ಕಿವಿ ಕಿವುಡಾಗುವಷ್ಟು ಸದ್ದು. ಆದರೆ ವಿಮಾನ ಗದ್ದೆಯ ಆ ತುದಿಗೆ ಹೋದ ಮೇಲೆ ಗಾಳಿ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ.

ಎರಡನೆಯದು ಫ್ಲೈಸ್ಕೈ ಎಫ್‌ಎಸ್-ಐ6 ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್), ಜೊತೆಗೆ ವಿಮಾನದಲ್ಲಿ ಕೂರುವ ಐಎ6ಬಿ ರಿಸೀವರ್. ರಿಸೀವರ್ ತಾನಾಗಿ ಕಳಿಸುವುದು ತನಗೆ ಸಿಗುವ ಸುಮಾರು 5 ವೋಲ್ಟ್ ಮಾತ್ರ, ಲಿಪೋದ್ದಲ್ಲ. ಲಿಪೋ ವೋಲ್ಟೇಜ್ ಬೇಕಾದರೆ ಸಿವಿಟಿ01 ಎಂಬ ವೋಲ್ಟೇಜ್ ಸೆನ್ಸರ್ ತಂದು ರಿಸೀವರ್‌ನ ಐಬಸ್ ಸೆನ್ಸರ್ ಪೋರ್ಟ್‌ಗೆ ಹಾಕಬೇಕು. ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಅಲಾರಂ ನಮ್ಮ ಕೈಯಲ್ಲೇ ಬಡಿಯುತ್ತದೆ ಅನ್ನುವುದೇ ದೊಡ್ಡ ಸಮಾಧಾನ. ಕೊರತೆ ಒಂದೇ: ಈ ಟ್ರಾನ್ಸ್‌ಮಿಟರ್‌ಗೆ ಬೀಪ್ ಬಿಟ್ಟು ಬೇರೆ ಭಾಷೆ ಇಲ್ಲ. ಯಾವುದು ಕಡಿಮೆಯಾಯಿತು ಅಂತ ತಿಳಿಯಲು ಸ್ಕ್ರೀನ್ ನೋಡಬೇಕು. ಲ್ಯಾಂಡಿಂಗ್ ಹೊತ್ತಲ್ಲಿ ವಿಮಾನದಿಂದ ಕಣ್ಣು ತೆಗೆಯುವುದಾ?

ಮೂರನೆಯದು ನನಗೆ ತುಂಬ ಹಿಡಿಸಿತು. ರೇಡಿಯೋಮಾಸ್ಟರ್ ಪಾಕೆಟ್ ಟ್ರಾನ್ಸ್‌ಮಿಟರ್, ಅದರಲ್ಲಿ ಎಡ್ಜ್‌ಟಿಎಕ್ಸ್ ಎಂಬ ತಂತ್ರಾಂಶ, ವೋಲ್ಟೇಜ್ ಅಳೆಯುವ ಪಿನ್ ಇರುವ ಇಎಲ್‌ಆರ್‌ಎಸ್ (ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ರೇಡಿಯೋ ಲಿಂಕ್‌ನ) ರಿಸೀವರ್. ಟೆಲಿಮೆಟ್ರಿ (ವಿಮಾನದಿಂದ ಬರುವ ಮಾಹಿತಿ) ಪುಟದಲ್ಲಿ ಸೆನ್ಸರ್ ಹುಡುಕಲು ಕೊಟ್ಟರೆ ಆರ್‌ಎಕ್ಸ್‌ಬಿಟಿ (ಬ್ಯಾಟರಿ ವೋಲ್ಟೇಜ್), ಆರ್‌ಕ್ಯೂಎಲ್‌ವೈ (ಲಿಂಕ್ ಕ್ವಾಲಿಟಿ, ಅಂದರೆ ಸಿಗ್ನಲ್ ಎಷ್ಟು ಚೆನ್ನಾಗಿದೆ ಅನ್ನುವುದು) ಎಲ್ಲ ತಾವಾಗಿ ಬಂದು ಕೂರುತ್ತವೆ. ಮುಂದಿನ ಕೆಲಸ ಲಾಜಿಕಲ್ ಸ್ವಿಚ್‌ನಲ್ಲಿ, ಅಂದರೆ ನಾವು ಕೊಟ್ಟ ಷರತ್ತು ಕೂಡಿಬಂದಾಗ ತಾನಾಗಿ ಆನ್ ಆಗುವ ಸ್ವಿಚ್‌ನಲ್ಲಿ. ಆರ್‌ಎಕ್ಸ್‌ಬಿಟಿ 10.5ಕ್ಕಿಂತ ಕಡಿಮೆ, ಅಂದರೆ ಸೆಲ್‌ಗೆ 3.5 ವೋಲ್ಟ್. ಡಿಲೇ 3 ಸೆಕೆಂಡ್. ಈ ಡಿಲೇ ಬಿಡಲೇಬೇಡಿ. ಫುಲ್ ಥ್ರಾಟಲ್ ಕೊಟ್ಟಾಗ ವೋಲ್ಟೇಜ್ ಕ್ಷಣಕಾಲ ಕುಸಿದು ಮತ್ತೆ ಏರುತ್ತದೆ. ಡಿಲೇ ಇಲ್ಲದಿದ್ದರೆ ಪ್ರತಿ ಸಲವೂ ಸುಮ್ನೆ ಕೂಗುತ್ತದೆ, ಆಮೇಲೆ ನಾವು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ, ಅಲ್ವಾ?

ಆ ಸ್ವಿಚ್ಚನ್ನು ಎಡ್ಜ್‌ಟಿಎಕ್ಸ್‌ನ ಸ್ಪೆಷಲ್ ಫಂಕ್ಷನ್ ಪುಟದಲ್ಲಿ ಧ್ವನಿಗೆ ಜೋಡಿಸಿದರೆ ಬೇಕಾದ ಧ್ವನಿ ಕೇಳಿಸುತ್ತದೆ. ನಮ್ಮದೇ ದನಿಯ ವೇವ್ ಫೈಲನ್ನೂ ಎಸ್‌ಡಿ ಕಾರ್ಡ್‌ಗೆ ಹಾಕಬಹುದು. ನನ್ನದರಲ್ಲಿ ತುಳುವಿನಲ್ಲಿ "ಬ್ಯಾಟರಿ ಕಮ್ಮಿ ಆಂಡ್" ಅನ್ನುತ್ತದೆ. ತಲೆ ಬಗ್ಗಿಸದೆ ವಿಷಯ ತಿಳಿಯುತ್ತದೆ. ಲಿಂಕ್ ಕ್ವಾಲಿಟಿಗೆ 70ರ ಕೆಳಗೆ ಬೇರೆ ದನಿ ಇಟ್ಟಿದ್ದೇನೆ. ವಿಮಾನ ತೆಂಗಿನ ಮರಗಳ ಹಿಂದೆ ತಗ್ಗಿದಾಗ ಇದು ಬೇಕೇ ಬೇಕು. ಹಾರಿಸುವ ಮೊದಲು ಮಲ್ಟಿಮೀಟರ್‌ನಲ್ಲಿ ಒಮ್ಮೆ ವೋಲ್ಟೇಜ್ ತಾಳೆ ನೋಡಿ. ವ್ಯತ್ಯಾಸವಿದ್ದರೆ ಅಲಾರಂ ಅಂಕಿಯನ್ನು ಅಷ್ಟೇ ಸರಿಸಿದರಾಯಿತು.

ಈಗಾಗಲೇ ಐ6 ಇದ್ದವರು ಹೊಸ ಟ್ರಾನ್ಸ್‌ಮಿಟರ್‌ಗೆ ಓಡಬೇಕಿಲ್ಲ, ಸೆನ್ಸರ್ ಒಂದು ಸಾಕು. ಹೊಸದಾಗಿ ಶುರುಮಾಡುವವರು ಮಾತ್ರ ನೇರ ಎಡ್ಜ್‌ಟಿಎಕ್ಸ್ ತೆಗೆದುಕೊಳ್ಳಿ.

ಬಜರನ್ನೂ ಬಿಸಾಡಬೇಡಿ. ಉಳಿದೆರಡೂ ನೋಡುವುದು ಒಟ್ಟು ವೋಲ್ಟೇಜ್ ಮಾತ್ರ. 10.8 ಅಂತ ಬಂದರೆ ಒಳಗೆ 3.7, 3.7, 3.4 ಇರಲೂಬಹುದು. ಸೋತ ಸೆಲ್ ಯಾವುದು ಅಂತ ತೋರಿಸುವುದು ಆ ಪುಟ್ಟ ಬಜರ್ ಮಾತ್ರ. ಇಳಿಸಿದ ಕೂಡಲೇ ಚುಚ್ಚಿ ನೋಡಿ.