ರಾಕ್ ಚಕರ್ ಪ್ರೆಸ್: ಎರಡು ವರ್ಷ ಮನೆಯಲ್ಲೇ ತೋಟಾ ತುಂಬಿದ ಲೆಕ್ಕ

ಆರ್‌ಸಿಬಿಎಸ್‌ನವರ ರಾಕ್ ಚಕರ್ ಸುಪ್ರೀಮ್ ಪ್ರೆಸ್ ಕಿಟ್ ತಗೊಂಡು ಎರಡು ವರ್ಷ ಆಯಿತು. ಹಾರಿಸಿ ಉಳಿದ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ), ಮದ್ದು, ಬುಲೆಟ್ ಹಾಕಿ ಮತ್ತೆ ತೋಟಾ ಮಾಡುವ ಕೈಯಂತ್ರ ಇದು. ನನ್ನದು .308 ವಿಂಚೆಸ್ಟರ್ ಕ್ಯಾಲಿಬರ್‌ನ (ತೋಟಾದ ಅಳತೆ) ಬೋಲ್ಟ್ ರೈಫಲ್. ತಿಂಗಳಿಗೆ ಸುಮಾರು 60 ಗುಂಡು, ಎಲ್ಲವೂ ಗುರಿಹಲಗೆಗೆ. ಮನೆಯಲ್ಲೇ ತುಂಬಿಕೊಂಡರೆ ಅರ್ಧಕ್ಕರ್ಧ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಅದು ನಿಜವಾ ಅಂತ ನೋಡಬೇಕಿತ್ತು. ಮೊದಲ ದಿನದಿಂದಲೇ ನೋಟ್‌ಬುಕ್ ಇಟ್ಟೆ.

ಲೆಕ್ಕವನ್ನು ದುಡ್ಡಿನಲ್ಲಿ ಬರೆಯಲಿಲ್ಲ. ಬೆಲೆ ಏರುತ್ತದೆ, ಇಳಿಯುತ್ತದೆ. ಆರು ತಿಂಗಳ ಹಿಂದಿನ ಅಂಕಿ ಇವತ್ತು ಉಪಯೋಗಕ್ಕೆ ಬರುವುದಿಲ್ಲ. ಅದರ ಬದಲು ನಾನು ಮೊದಲು ಕೊಳ್ಳುತ್ತಿದ್ದ ಫ್ಯಾಕ್ಟರಿ ಮ್ಯಾಚ್ (ಸ್ಪರ್ಧೆಯ ಗುಣಮಟ್ಟದ) ತೋಟಾವನ್ನೇ ಅಳತೆಗೋಲು ಮಾಡಿಕೊಂಡೆ. ಏನೇ ಕೊಂಡರೂ ಇದು ಎಷ್ಟು ತೋಟಾಕ್ಕೆ ಸಮ ಅಂತ ಬರೆದೆ.

ಮೊದಲ ಪುಟವೇ ಸ್ವಲ್ಪ ಭಾರ. ಕಿಟ್‌ನಲ್ಲಿ ಪ್ರೆಸ್, ತ್ರಾಸು, ಮದ್ದು ಅಳೆಯುವ ಸಾಧನ, ಕೇಸ್ ನಿಲ್ಲಿಸುವ ಲೋಡಿಂಗ್ ಬ್ಲಾಕ್ ಬರುತ್ತವೆ. ಡೈ (ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚು) ಮತ್ತು ಕೇಸಿನ ತಳ ಹಿಡಿಯುವ ಶೆಲ್ ಹೋಲ್ಡರ್ ಕ್ಯಾಲಿಬರ್ ನೋಡಿ ಬೇರೆ ಕೊಳ್ಳಬೇಕು. ಜೊತೆಗೆ ಅಳೆಯಲು ಕ್ಯಾಲಿಪರ್, ಕೇಸಿನ ಉದ್ದ ಕತ್ತರಿಸಲು ಟ್ರಿಮ್ಮರ್, ಕೇಸ್ ತೊಳೆಯಲು ಟಂಬ್ಲರ್. ಎಲ್ಲ ಸೇರಿ 360 ತೋಟಾದ ದುಡ್ಡು ಹೋಯಿತು. ಅಂದರೆ 20ರ ಡಬ್ಬ 18. ಒಂದು ಗುಂಡೂ ಹಾರಿಸದೆ ಆರು ತಿಂಗಳ ತೋಟಾ ಖರ್ಚಾಯಿತು ಅಂತಲೇ ಅರ್ಥ.

ಪ್ರೆಸ್ ಬಗ್ಗೆ ನನಗೆ ಎರಡು ಮಾತಿಲ್ಲ. ಎರಕದ ಕಬ್ಬಿಣದ ಭಾರೀ ಚೌಕಟ್ಟು, ಉದ್ದನೆಯ ಹಿಡಿ. ಮೇಜಿಗೆ ಬಿಗಿಯಾಗಿ ಬೋಲ್ಟ್ ಹಾಕಿದರೆ ಕೇಸ್ ಡೈ ಒಳಗೆ ಹೋಗುವುದು ಕೈಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಎಣ್ಣೆ ಸರಿಯಾಗಿ ಹತ್ತಿದ್ದರೆ ಒಂದೇ ಹದದಲ್ಲಿ ಜಾರುತ್ತದೆ. ಕಡಿಮೆಯಾದರೆ ಅರ್ಧದಲ್ಲೇ ಕೀರ್ ಅಂತ ಹಿಡಿಯುತ್ತದೆ. ಆಗ ಜೋರು ಮಾಡಬಾರದು. ಮೊದಲ ವಾರ ನಾನು ಜೋರು ಮಾಡಿದೆ. ಕೇಸಿನ ಅಂಚು ಹರಿದು ಕೇಸ್ ಡೈ ಒಳಗೇ ಉಳಿಯಿತು. ಅದರ ತಳಕ್ಕೆ ತೂತು ಕೊರೆದು, ತೂತಿನೊಳಗೆ ತಿರುಪಿನ ಗೆರೆ ಕೊರೆದು, ಬೋಲ್ಟ್ ಕಟ್ಟಿ ಎಳೆಯುವಷ್ಟರಲ್ಲಿ ಒಂದು ಸಂಜೆ ಮುಗಿದಿತ್ತು. ಪ್ರೆಸ್‌ಗೆ ಒಂದು ಗೀರೂ ಬೀಳಲಿಲ್ಲ.

ಈಗ ತೋಟಾದ ಖರ್ಚು. ಮನೆಯಲ್ಲಿ 20 ತೋಟಾ ತುಂಬಲು ನನಗೆ ಬೀಳುವುದು 9 ಫ್ಯಾಕ್ಟರಿ ತೋಟಾದ ದುಡ್ಡು. ಇದರಲ್ಲಿ ನಾಲ್ಕೂವರೆ ತೋಟಾದ ದುಡ್ಡು ಬುಲೆಟ್‌ಗೇ ಹೋಗುತ್ತದೆ. ನಾನು ಬಳಸುವುದು ಸಿಯೆರಾ ಕಂಪನಿಯ ಮ್ಯಾಚ್‌ಕಿಂಗ್, ತೂಕ 168 ಗ್ರೇನ್. ಅದಕ್ಕಿಂತ ಅಗ್ಗದ ಬುಲೆಟ್ ಹಾಕಿದರೆ ಫ್ಯಾಕ್ಟರಿ ಮ್ಯಾಚ್ ತೋಟಾದ ಜೊತೆ ಹೋಲಿಸುವುದು ನ್ಯಾಯವಲ್ಲ. ಮದ್ದಿಗೆ ಎರಡೂವರೆ. ಒಂದು ಪೌಂಡ್ ಅಂದರೆ 7000 ಗ್ರೇನ್. .308ಕ್ಕೆ ಮದ್ದಿನ ಜಾತಿ ನೋಡಿಕೊಂಡು 40-45 ಗ್ರೇನ್ ಹಿಡಿಯುತ್ತದೆ ಅಂದುಕೊಂಡರೆ ಪೌಂಡಿಗೆ 155ರಿಂದ 175 ತೋಟಾ ಆಗುತ್ತವೆ. ಇದು ಬರೀ ಖರ್ಚಿನ ಲೆಕ್ಕ. ತುಂಬುವ ಪ್ರಮಾಣವನ್ನು ಮದ್ದು ತಯಾರಿಸಿದವರ ಪುಸ್ತಕದಿಂದ ಮಾತ್ರ ತೆಗೆದುಕೊಳ್ಳಿ. ಪ್ರೈಮರ್‌ಗೆ ಒಂದು. ಕೇಸಿಗೆ ಇನ್ನೊಂದು.

ಈ ಕೊನೆಯ ಒಂದರ ಮೇಲೇ ಇಡೀ ಲೆಕ್ಕ ನಿಂತಿದೆ. ಹೊಸ ಹಿತ್ತಾಳೆ ಕೇಸ್ ಒಂದಕ್ಕೆ ಅರ್ಧ ತೋಟಾದ ಬೆಲೆ. ಹತ್ತು ಸಲ ಬಳಸಿದರೆ ಮಾತ್ರ 20 ತೋಟಾಕ್ಕೆ ಒಂದು ಅಂತ ಬೀಳುತ್ತದೆ. ಮೂರೇ ಸಲಕ್ಕೆ ಎಸೆದರೆ 9 ಇದ್ದದ್ದು 11 ದಾಟುತ್ತದೆ. ಒಂದೇ ಸಲ ಬಳಸಿ ಬಿಟ್ಟರೆ 18. ಅಷ್ಟು ದುಡ್ಡು ಕೊಡುವುದಾದರೆ ಸುಮ್ನೆ ಡಬ್ಬ ಕೊಳ್ಳಬಹುದು ಅಲ್ವಾ? ಜನ ಅಗ್ಗದ ಪ್ರೈಮರ್ ಹುಡುಕುತ್ತಾ ಅಲೆಯುತ್ತಾರೆ. ಉಳಿತಾಯ ಇರುವುದು ಕೇಸಿನ ಆಯಸ್ಸಿನಲ್ಲಿ.

ನನಗೆ ಇದು ತಡವಾಗಿ ತಿಳಿಯಿತು. ನನ್ನ ಮೊದಲ 100 ಕೇಸ್ ಫ್ಯಾಕ್ಟರಿ ತೋಟಾ ಹಾರಿಸಿ ಉಳಿಸಿಕೊಂಡದ್ದು. ನಾಲ್ಕನೇ ಸಲ ತುಂಬಿ ಹಾರಿಸಿದ ಮೇಲೆ ತಳದ ಹತ್ತಿರ ಕೆಲವಕ್ಕೆ ಒಂದು ಹೊಳೆಯುವ ಗೆರೆ ಕಂಡಿತು. ಕೂದಲಿನಷ್ಟು ತೆಳು, ಸುತ್ತಲೂ ಉಂಗುರದ ಹಾಗೆ. ಪೇಪರ್ ಕ್ಲಿಪ್ ನೇರ ಮಾಡಿ, ತುದಿ ಚೂರು ಬಗ್ಗಿಸಿ ಒಳಗೆ ಇಳಿಸಿದೆ. ಗೋಡೆಗೆ ತಾಗಿಸಿ ಮೆಲ್ಲಗೆ ಮೇಲೆ ಎಳೆದರೆ ಅದೇ ಜಾಗದಲ್ಲಿ ಟಕ್ ಅಂತ ಸಿಕ್ಕಿಕೊಳ್ಳುತ್ತಿತ್ತು. ಒಳಗೆ ಹಿತ್ತಾಳೆ ಸವೆದು ತಗ್ಗು ಬಿದ್ದಿದೆ ಅಂತ ಅರ್ಥ. ಇನ್ನೊಂದು ಸಲ ಹಾರಿಸಿದ್ದರೆ ಕೇಸ್ ಚೇಂಬರ್‌ನಲ್ಲೇ (ರೈಫಲ್‌ನಲ್ಲಿ ತೋಟಾ ಕೂರುವ ಜಾಗ) ಎರಡು ತುಂಡಾಗಬಹುದಿತ್ತು. ಇಡೀ 100 ಕೇಸ್ ಜಜ್ಜಿ ಎಸೆದೆ.

ಕಾರಣ ನನ್ನ ಡೈ. ಅದನ್ನು ಪೂರ್ತಿ ಕೆಳಗೆ ತಿರುಗಿಸಿ ಇಟ್ಟಿದ್ದೆ. ಪ್ರತಿ ಸಲವೂ ಕೇಸಿನ ಭುಜ (ಕುತ್ತಿಗೆಯ ಕೆಳಗಿನ ಇಳಿಜಾರು) ಬೇಕಾದ್ದಕ್ಕಿಂತ ಜಾಸ್ತಿ ಹಿಂದೆ ಹೋಗುತ್ತಿತ್ತು. ಹಾರಿಸಿದಾಗ ಅದು ಮತ್ತೆ ಚೇಂಬರ್ ತುಂಬಾ ಹಿಗ್ಗುತ್ತಿತ್ತು. ಹೀಗೆ ಹಿಗ್ಗಿ ಕುಗ್ಗಿ ತಳದಲ್ಲೇ ತೆಳುವಾಯಿತು. ಆಮೇಲೆ ಭುಜ ಅಳೆಯುವ ಗೇಜ್ ಕೊಂಡು, ಇಂಚಿನ ಸಾವಿರದಲ್ಲಿ 2 ಭಾಗದಷ್ಟು ಮಾತ್ರ ಹಿಂದೆ ಹೋಗುವಂತೆ ಡೈ ಕೂರಿಸಿದೆ. ಲಪುವಾ ಕಂಪನಿಯ 100 ಹೊಸ ಕೇಸ್ ತಂದೆ. ಅವೇ ಈಗ ಹತ್ತನೇ ಸಲ ಹಾರಿ ಬಂದಿವೆ. ಉದ್ದ 2.015 ಇಂಚಿನ ಮಿತಿಗೆ ಹತ್ತಿರ ಬಂದರೆ 2.005ಕ್ಕೆ ಕತ್ತರಿಸುತ್ತೇನೆ. ಪ್ರತಿ ಸಲವೂ ಪೇಪರ್ ಕ್ಲಿಪ್ ಇಳಿಸಿ ನೋಡುತ್ತೇನೆ. ಒಂದು ಸಂಜೆಯ ಕಾಲು ಗಂಟೆ ಹೋಗುತ್ತದೆ, ಆದರೆ ಅದನ್ನು ಬಿಟ್ಟು ತುಂಬುವ ಧೈರ್ಯ ನನಗಿಲ್ಲ.

ನಡುವೆ ಇನ್ನೊಂದು ಪೆಟ್ಟು. ಒಬ್ಬ ಮಾರಾಟಗಾರರಿಂದ ಒಂದೇ ಸಲ ಹಾರಿಸಿದ್ದು ಅಂತ ಒಂದು ಚೀಲ ಕೇಸ್ ಕೊಂಡೆ. ಬಿಚ್ಚಿ ನೋಡಿದರೆ ಅರ್ಧ ಸೇನೆಯ 7.62 ಕೇಸ್ (ಹೊರ ಅಳತೆ ಹೆಚ್ಚುಕಡಿಮೆ .308ರದ್ದೇ). ಪ್ರೈಮರ್ ಅಂಚನ್ನು ಒತ್ತಿ ಬಿಗಿ ಮಾಡಿದ್ದರು. ಅದನ್ನು ತೆಗೆಯದೆ ಹೊಸ ಪ್ರೈಮರ್ ಕೂರುವುದಿಲ್ಲ. ಸೇನೆಯ ಕೇಸಿನ ಗೋಡೆಯೂ ದಪ್ಪ. ಒಳಗೆ ಜಾಗ ಕಡಿಮೆ, ಅದೇ ಮದ್ದು ಹಾಕಿದರೆ ಒತ್ತಡ ಏರುತ್ತದೆ. ಕೆಲವಕ್ಕಂತೂ ತಳದಲ್ಲಿ ಎರಡು ಸಣ್ಣ ತೂತು. ಅದು ಬರ್ಡನ್ ಅನ್ನುವ ಬೇರೆ ಜಾತಿಯ ಪ್ರೈಮರ್‌ನ ಗುರುತು. ಹಳೆಯ ಪ್ರೈಮರ್ ತಳ್ಳುವ ನಮ್ಮ ಸಾಮಾನ್ಯ ಡೈನ ಪಿನ್ ಅದಕ್ಕೆ ಹೊಂದುವುದಿಲ್ಲ. ಕೇಸ್ ಕೊಳ್ಳುವಾಗ ಒಳಗೆ ಇಣುಕಿ, ನಡುವೆ ಒಂದೇ ತೂತು ಇದೆಯಾ ನೋಡಿ.

ಈ ಎರಡು ಪೆಟ್ಟು ಸೇರಿ ನನ್ನ ಬಂಡವಾಳ ವಾಪಸ್ ಬಂದದ್ದು ಸುಮಾರು 800ನೇ ತೋಟಾಕ್ಕೆ. ಡೈ ಮೊದಲೇ ಸರಿ ಇಟ್ಟಿದ್ದರೆ, ಚೀಲವನ್ನೂ ಕೊಳ್ಳದಿದ್ದರೆ 650ಕ್ಕೇ ಬರುತ್ತಿತ್ತು. ಇದುವರೆಗೆ 1400 ತುಂಬಿದ್ದೇನೆ. ಈಗ ಪ್ರತಿ ಡಬ್ಬಕ್ಕೂ 11 ತೋಟಾದ ದುಡ್ಡು ಉಳಿಯುತ್ತದೆ. ಸಮಯದ ಬೆಲೆ ಇದರಲ್ಲಿ ಹಾಕಿಲ್ಲ. ಈ ಪ್ರೆಸ್‌ನಲ್ಲಿ ಒಂದು ಹಿಡಿ ಎಳೆತಕ್ಕೆ ಒಂದೇ ಕೆಲಸ. ತೊಳೆದು, ಅಳೆದು, ತುಂಬಿ ಮುಗಿಸಲು 100 ತೋಟಾಕ್ಕೆ ನನಗೆ ಎರಡು ಸಂಜೆ ಬೇಕು. ಆ ಹೊತ್ತಲ್ಲಿ ಫೋನ್ ಬೇರೆ ಕೋಣೆಯಲ್ಲಿ, ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬ. ಆ ಎರಡು ಸಂಜೆ ನಿಮಗೆ ಕೂಲಿ ಅನ್ನಿಸಿದರೆ ಈ ಕಿಟ್ ಬೇಡ. ನನಗೆ ತುಂಬಾ ಇಷ್ಟ.

ಮ್ಯಾಚ್ ತೋಟಾ ಬೇಡ, ಸಾಧಾರಣ ತೋಟಾ ಸಾಕು ಅನ್ನುವವರಿಗೆ ಉಳಿತಾಯ ಹೆಚ್ಚುಕಡಿಮೆ ಇಲ್ಲ. ಸಗಟಿನಲ್ಲಿ ಸಿಗುವ .223ಕ್ಕೂ ಹಾಗೇ. .338 ಲಪುವಾ ಮ್ಯಾಗ್ನಮ್, .375 ಎಚ್ ಅಂಡ್ ಎಚ್ ತರಹದ ದುಬಾರಿ ಕ್ಯಾಲಿಬರ್ ಇದ್ದವರ ಬಂಡವಾಳ ನನಗಿಂತ ಬಹಳ ಬೇಗ ವಾಪಸ್ ಬರುತ್ತದೆ. ಆದರೆ ಕೊಳ್ಳುವ ಮೊದಲು ನೀವಿರುವ ಕಡೆ ಮನೆಯಲ್ಲಿ ತುಂಬಲು ಅನುಮತಿ ಇದೆಯಾ, ಮದ್ದು ಎಷ್ಟು ಇಟ್ಟುಕೊಳ್ಳಬಹುದು ಅಂತ ವಿಚಾರಿಸಿ. ಪ್ರೈಮರ್ ಸಿಗುತ್ತಾ ಅಂತಲೂ ನೋಡಿ. 2020-21ರ ಕೊರತೆಯಲ್ಲಿ ಬುಲೆಟ್, ಮದ್ದು ಎಲ್ಲ ಇದ್ದೂ ಪ್ರೈಮರ್ ಇಲ್ಲದೆ ಎಷ್ಟೋ ಜನರ ಪ್ರೆಸ್ ಸುಮ್ಮನೆ ಕೂತಿತ್ತು.

ಲಪುವಾ ಕೇಸ್‌ಗಳಲ್ಲಿ 3ರಲ್ಲಿ ಪ್ರೈಮರ್ ಕೂರುವ ಗುಂಡಿ ಸಡಿಲಾಗಿದೆ. ಕೂರಿಸುವಾಗ ಬೆರಳಿಗೆ ಬಿಗಿಯೇ ತಿಳಿಯಲಿಲ್ಲ, ಆ 3 ಪಕ್ಕಕ್ಕೆ ಇಟ್ಟೆ. ಉಳಿದ 97 ಈ ಶನಿವಾರ ಹನ್ನೊಂದನೇ ಸಲಕ್ಕೆ ಹೋಗುತ್ತಿವೆ.